ಓದಿಸುವ ಪೆಟ್ಟಿಗೆ

ಹೆಣವಿದ್ದ ಕೋಣೆಯಿಂದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿಬಂದರು. ಒಬ್ಬಳ ಸೊಂಟದ ಬಟ್ಟೆ ಚಿಲಕಕ್ಕೆ ಸಿಕ್ಕಿ ಹರಿಯಿತು. ಒಳಗೆ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಎನಿಫಾ ಮೇಡಂ, ನಿನ್ನೆಯೇ ಸತ್ತವಳು, ಸ್ಪಷ್ಟವಾಗಿ ಮಾತಾಡುತ್ತಿದ್ದಳು.

"ಬೆರಳು ಸಾಲಿನ ಮೇಲಿಡಿ. ಇಟ್ರಾ? ಈಗ ನನ್ನ ಜೊತೆ ಓದಿ."

ಅಂಗಳದಲ್ಲಿ ಗೋಡೆಗೊರಗಿ ಕೂತಿದ್ದ ಗಂಡ ಫೈಸನ್ ಎದ್ದು ಒಳಗೆ ಹೋದ. ಅಲ್ಲಿ ಉಳಿದಿದ್ದವಳು ತಡಾಲಾ ಒಬ್ಬಳೇ. ತನ್ನ ಓರಗೆಯವರೆಲ್ಲ ಮುಂದೆ ಹೋದರೂ ಎರಡನೇ ಕ್ಲಾಸಿನಲ್ಲೇ ಬೇರುಬಿಟ್ಟು ಕೂತ ಹುಡುಗಿ. ಗೂಡಿನಲ್ಲಿದ್ದ ಪುಟ್ಟ ಸ್ಪೀಕರ್ ಪೆಟ್ಟಿಗೆ ಅವಳ ಕೈಯಲ್ಲಿತ್ತು. ಫೈಸನ್ ಗುಂಡಿ ಅದುಮಿ ಅದನ್ನು ಸುಮ್ಮನಾಗಿಸಿದ.

"ಯಾಕೆ ಒತ್ತಿದೆ ಮಗಾ?"

"ಮೇಡಂ ಏನೂ ಮಾತಾಡ್ತಾನೇ ಇರ್ಲಿಲ್ಲ," ಎಂದಳು ತಡಾಲಾ.

ಹೊರಗೆ ಕಾಮ್‌ವೆಂಡೊ ಕೋಲೂರಿಕೊಂಡು ನಿಂತಿದ್ದ. ಎನಿಫಾಳ ಸೋದರಮಾವ, ಆ ಮನೆತನದ ಹೆಂಗಸರಿಗೆಲ್ಲ ಹಿರಿಯ. ಅವನದೇ ಕೊನೇ ಮಾತು. ಆ ಊರಿನಲ್ಲಿ ಹೆಂಡತಿಯ ಹಿಂದೆ ಬಂದು ನೆಲೆಸಿದ ಗಂಡ ತಲೆ ಹಣ್ಣಾದರೂ ನೆಂಟನೇ. ಹೆಂಡತಿ ಸತ್ತರೆ ಆ ನೆಂಟಸ್ತಿಕೆಯೂ ಮುಗಿದಂತೆ. ನಾಳೆ ಫೈಸನ್‌ನ ಅಣ್ಣ ಬಂದು, ಅವನ ಚಾಪೆ ಸುತ್ತಿಸಿ, ಅವನನ್ನು ತಮ್ಮೂರಿಗೆ ಕರೆದುಕೊಂಡು ಹೋಗುವವನಿದ್ದ.

"ಅವಳು ಉಂಡ ತಟ್ಟೆ, ಕುಡಿದ ಬಟ್ಟಲು ಅವಳ ಜೊತೆ ಗುಂಡಿಗೆ ಹೋಗ್ತವೆ," ಎಂದ ಕಾಮ್‌ವೆಂಡೊ. "ಈ ಪೆಟ್ಟಿಗೆಯೊಳಗಿನ ಗಂಟಲು ಮಾತ್ರ ಮೇಲೆ ತಿರುಗಾಡ್ತಾ ಇರ್ಬೇಕಾ? ಅದೂ ಹೋಗ್ಲಿ."

ಹೆಡ್‌ಮಾಸ್ಟರ್ ಚಾಡ್ಜಾ ಟೋಪಿ ತೆಗೆದು ಮುಂದೆ ಬಂದ. "ಹಿರಿಯರೇ, ಶಾಲೆಗೆ ಕೊಟ್ಟ ಟ್ಯಾಬ್ಲೆಟ್‌ಗಳೆಲ್ಲ ಕೆಟ್ಟು ಮೂಲೆ ಸೇರಿವೆ. ಓದೋಕೆ ತಿಣುಕೋ ಮಕ್ಕಳಿಗೆ ಈಗ ಉಳಿದಿರೋದು ಇದೊಂದೇ. ಪೆಟ್ಟಿಗೆ ಕೊಡೋದು ಬೇಡ, ನನ್ನ ಫೋನಿಗೆ ಒಂದು ನಕಲು ಮಾಡ್ಕೊಳ್ತೀನಿ, ಅಷ್ಟೇ."

"ಒಬ್ಬಳನ್ನ ಹೂತು ಇನ್ನೊಬ್ಬಳನ್ನ ಮೇಲೆ ಬಿಟ್ಟು ಬರ್ಲಾ ಮೇಷ್ಟ್ರೇ?"

ತಡಾಲಾಳ ತಾಯಿ ಮಂಡಿಯೂರಿ ಕೂತಳು. "ಅಜ್ಜಾ, ನನ್ನ ಮಗಳನ್ನ ಎಲ್ರೂ ಕೊರಡು ಅಂತಿದ್ರು. ಈ ಪೆಟ್ಟಿಗೆ ಒಂದ್ಸಲಾನೂ ಹಾಗಂದಿಲ್ಲ. ಎಷ್ಟು ಸಲ ತಪ್ಪಿದ್ರೂ ಮತ್ತೆ ಹೇಳ್ಕೊಡುತ್ತೆ."

ಮುದುಕ ಅವಳ ಮುಖ ನೋಡಲಿಲ್ಲ. ಅವನೇನು ಕಟುಕನಲ್ಲ. ತಂದೆಯಿಲ್ಲದ ಎನಿಫಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ.

"ಎದೆನೋವು ಅಂತ ಮಲಗಿದವಳನ್ನ ನೀವು ಬಿಟ್ರಾ? ಮೇಡಂ ಈ ಮಗು, ಮೇಡಂ ಆ ಮಗು ಅಂತ ಬಾಗಿಲು ಬಡಿದಿದ್ದೇ ಬಡಿದಿದ್ದು. ಸತ್ತ ಮೇಲೂ ಪಾಠ ಹೇಳ್ತಾ ಕೂರ್ಬೇಕಾ ನನ್ನ ಕೂಸು? ಮಲಗ್ಲಿ ಬಿಡಿ."

ಫೈಸನ್‌ನನ್ನು ಯಾರೂ ಕೇಳಲಿಲ್ಲ.

*

ಶಾಲೆಗೆ ಆ ಟ್ಯಾಬ್ಲೆಟ್‌ಗಳು ಬಂದ ಹೊಸತರಲ್ಲಿ ಅವುಗಳೊಳಗೆ ಯಾರೋ ಪಟ್ಟಣದ ಹೆಂಗಸಿನ ಧ್ವನಿಯಿತ್ತು. ಮಕ್ಕಳು ಮೊದಲ ಪದ ಹುಡುಕುವಷ್ಟರಲ್ಲಿ ಆಕೆ ಪುಟ ಮುಗಿಸಿರುತ್ತಿದ್ದಳು.

"ಇವಳಿಗೆ ಯಾವ ಬಸ್ ತಪ್ಪುತ್ತೋ ಕಾಣೆ," ಎಂದು ಎನಿಫಾ ಬೈದುಕೊಂಡಳು. ಪಾಠಗಳನ್ನೆಲ್ಲ ತಾನೇ ಓದಿ ರೆಕಾರ್ಡ್ ಮಾಡಿ ಈ ಸ್ಪೀಕರ್ ಪೆಟ್ಟಿಗೆಗೆ ತುಂಬಲು ಮನೆಯಲ್ಲಿ ಕೂತಳು. ನಡುವೆ ಸದ್ದು ಸೇರದಂತೆ ಕೋಳಿ ಓಡಿಸುವ ಕೆಲಸ ಫೈಸನ್‌ನದು.

ಒಂದು ಸಾಲು ಹೇಳಿದ ಮೇಲೆ ಮಕ್ಕಳು ಅದನ್ನು ಓದಲು ಬಿಡುವು ಬಿಡಬೇಕು. ಎಷ್ಟು ಬಿಡುವುದು? ಅವಳು ಯೋಚಿಸಿ ಪುಸ್ತಕವನ್ನು ಅವನ ಮುಂದೆ ತಳ್ಳಿದಳು.

"ನೀನು ಓದು."

ಫೈಸನ್ ಬೆತ್ತದ ಏಟಿಗೆ ಹೆದರಿ ಚಿಕ್ಕವನಿದ್ದಾಗಲೇ ಶಾಲೆ ಬಿಟ್ಟವನು. ಬೆರಳು ಒಂದೊಂದೇ ಅಕ್ಷರದ ಮೇಲೆ ತೆವಳಿತು. ಕಿವಿ ಬಿಸಿಯಾಯಿತು. ಅವಳು ಎತ್ತಿಕೊಡಲಿಲ್ಲ, ನಗಲಿಲ್ಲ, ಕಾಯುತ್ತ ಕೂತಳು. ಅವನು ತುಟಿಯೊಳಗೇ ಸಾಲು ಮುಗಿಸಿ ತಲೆಯೆತ್ತಿದ ಮೇಲೆ ಮುಂದಿನ ಸಾಲು ಹೇಳಿದಳು.

"ನಿಂಗೆ ಸಾಲೋ ಹೊತ್ತು ಆ ಮಕ್ಕಳಿಗೂ ಸಾಲುತ್ತೆ."

"ನನ್ನಂಥ ದಡ್ಡ ಸಿಕ್ಕಿದ್ದು ನಿನ್ನ ಅದೃಷ್ಟ."

"ಮತ್ತೆ? ಸುಮ್ನೆ ಕಟ್ಕೊಂಡ್ನಾ?"

ಹಾಗೆ ಪುಸ್ತಕ ಮುಗಿಯಿತು. ಅವನಿಗೂ ಓದು ಬಂತು. ಅವಳ ಮಾತಿನ ನಡುವಿನ ಮೌನವೆಲ್ಲ ಅವನದೇ. ಕಿವಿಗೊಟ್ಟರೆ ಅವನ ಉಸಿರೂ ಕೇಳುತ್ತಿತ್ತು. ಅವರಿಬ್ಬರಿಗೂ ಮಕ್ಕಳಿರಲಿಲ್ಲ. ಇಬ್ಬರೂ ಸೇರಿ ಮಾಡಿದ್ದೆಂದು ಈ ಲೋಕದಲ್ಲಿದ್ದದ್ದು ಆ ಪೆಟ್ಟಿಗೆಯೊಳಗಿನ ಓದು ಮಾತ್ರ. ಅದನ್ನು ಹೂಳಲು ಕೊಡುವುದೆಂದರೆ ಫೈಸನ್‌ಗೆ ಎನಿಫಾ ಇನ್ನೊಮ್ಮೆ ಸತ್ತಂತೆಯೇ ಇತ್ತು.

*

ಸ್ಮಶಾನದ ಮರಗಳಾಚೆ ಯೂನಿಫಾರ್ಮಿನ ಮಕ್ಕಳನ್ನು ತಡೆದು ನಿಲ್ಲಿಸಿದ್ದರು. ಒಳಗೆ ಗುಂಡಿ ತೋಡುವವರ ಆಳ್ವಿಕೆ. ಆ ದಿನ ಊರ ಮುಖ್ಯಸ್ಥನೂ ಅವರ ಮಾತು ಮೀರುವಂತಿಲ್ಲ. ಶವಪೆಟ್ಟಿಗೆ ಇಳಿಯಿತು. ಯಾರೂ ಮತ್ತೆ ಬಳಸದಂತೆ ತಳಕ್ಕೆ ತೂತು ಹೊಡೆದ ತಟ್ಟೆ, ಬಟ್ಟಲು ಇಳಿದವು.

ಕಾಮ್‌ವೆಂಡೊ ಕೈ ಚಾಚಿದ. "ಕೊಡು ಅಳಿಯಾ. ಸರಿಯಾಗಿ ಆಫ್ ಮಾಡಿದ್ಯಾ?"

"ಹೂಂ."

ಮುದುಕನಿಗೆ ಯಾವತ್ತೂ ಸುಳ್ಳು ಹೇಳಿರದ ಫೈಸನ್ ಪೆಟ್ಟಿಗೆ ಕೊಡುವಾಗ ಹೆಬ್ಬೆರಳಿನಿಂದ ಅದರ ಗುಂಡಿ ಒತ್ತಿದ. ಕೊನೆಯದಾಗಿ ಒಂದು ಸಲ ಮಕ್ಕಳು ಕೇಳಲಿ, ತಾನೂ ಕೇಳಬೇಕು, ಅಷ್ಟೇ ಅವನಿಗಿದ್ದ ಆಸೆ. ಪೆಟ್ಟಿಗೆ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಗುಂಡಿಯೊಳಗಿದ್ದವನು ಅದನ್ನು ಎನಿಫಾಳ ತಲೆಯ ಕಡೆಗಿಟ್ಟು ಮೇಲೆ ಹತ್ತಿ ಬಂದಿದ್ದ.

"ಮೊಲ ಬಾವಿಯ ಹತ್ತಿರ ಬಂತು," ಎಂದಿತು ಗುಂಡಿ.

ಸಲಿಕೆಗಳು ಗಾಳಿಯಲ್ಲೇ ನಿಂತವು. ಹಾಡುತ್ತಿದ್ದ ಚರ್ಚಿನ ಹೆಂಗಸರ ಬಾಯಿ ಕಟ್ಟಿತು. ಆ ಮೌನದೊಳಗೆ ಮರಗಳಾಚೆಯಿಂದ ಮಕ್ಕಳ ದನಿಗಳು ತಡವರಿಸುತ್ತ ಬಂದವು. "ಮೊಲ... ಬಾವಿಯ... ಹತ್ತಿರ ಬಂತು."

"ಬಾವಿಯಲ್ಲಿ ನೀರು ಇರಲಿಲ್ಲ."

"ಬಾವಿಯಲ್ಲಿ... ನೀರು..."

ಕಾಮ್‌ವೆಂಡೊ ಅಳಿಯನ ಕಡೆ ತಿರುಗಿದ. ಬೈಯಲು ಬಾಯಿ ತೆರೆದವನು ಕಣ್ಣೊರೆಸಿಕೊಂಡು, "ಹಾಕ್ರಪ್ಪಾ ಮಣ್ಣು. ಬೇಗ ಹಾಕಿ," ಎಂದ.

ಮಣ್ಣು ಬಿತ್ತು. ಮುಂದಿನ ಸಾಲಿನ ಒಂದು ಪದವಷ್ಟೇ ಕೇಳಿತು. ಆಮೇಲೆ ಪದಗಳೂ ಇಲ್ಲ, ಬರೀ ಗುನುಗು. ಆಮೇಲೆ ಅದೂ ಇಲ್ಲ. ಕೆಳಗೆ ಈಗ ಯಾವ ಸಾಲು, ಎಲ್ಲಿ ಬಿಡುವು ಎಂದು ಫೈಸನ್‌ಗೆ ಗೊತ್ತಿತ್ತು. ಮಕ್ಕಳಿಗೆ ಹೇಳಿಕೊಡಲೆಂದು ಬಾಯಿ ತೆರೆದರೆ ಗಂಟಲಿನಿಂದ ಅಳುವೊಂದೇ ಬಂತು.

ದಿಬ್ಬ ಎದ್ದಿತು. ಸಲಿಕೆಯ ಹಿಂಬದಿಯಿಂದ ಅದನ್ನು ತಟ್ಟತೊಡಗಿದರು. ಜನ ಕರಗಿದರು. ಮಕ್ಕಳೂ ಒಬ್ಬೊಬ್ಬರಾಗಿ ಚದುರಿದರು. ತಡಾಲಾ ಮಾತ್ರ ಮರದಡಿ ಕದಲದೆ ನಿಂತಿದ್ದಳು.

"ನಡಿಯೇ, ಎಲ್ಲಾ ಮುಗೀತು," ಎಂದು ತಾಯಿ ಅವಳ ಭುಜ ಎಳೆದಳು.

"ಇರಮ್ಮಾ, ಮೇಡಂ ಹೇಳ್ತಿದಾರೆ."

ಅವಳು ಎಡ ಅಂಗೈಯನ್ನು ಪುಸ್ತಕದಂತೆ ಬಿಡಿಸಿ ಹಿಡಿದಿದ್ದಳು. ಬಲಗೈಯ ಬೆರಳು ಅದರ ನಡುವೆ, ಸಾಲು ಅರ್ಧಕ್ಕೆ ನಿಂತ ಕಡೆ, ಹಾಗೇ ಒತ್ತಿಕೊಂಡಿತ್ತು.