ಗೋಣಿಯಿಲ್ಲದ ತೂಕ

1999ರ ಜನವರಿ 25, ಸೋಮವಾರ, ಬೆಳಿಗ್ಗೆ ಏಳೂ ಇಪ್ಪತ್ತು. ಗುರುವಾಯನಕೆರೆಯಲ್ಲಿ ನಿತ್ಯಾನಂದರ ಅಂಗಡಿಯ ತೂಕದ ಯಂತ್ರದ ಮೇಲೆ ಇದಿನಬ್ಬ ಬರಿಗಾಲಲ್ಲಿ ನಿಂತ. ತೂಕ ಎಂಬತ್ತನಾಲ್ಕೂವರೆ ಕಿಲೋ.

ಅದು ಅಡಿಕೆ, ಕರಿಮೆಣಸು ಕೊಳ್ಳುವ ಅಂಗಡಿ. ಮನುಷ್ಯರನ್ನು ತೂಗುವ ವಾಡಿಕೆ ಅಲ್ಲಿರಲಿಲ್ಲ. ಆದರೆ ಪೇಟೆಯ ಕ್ಲಿನಿಕ್ಕಿನ ಯಂತ್ರದ ಮುಳ್ಳು ಇದಿನಬ್ಬ ಹತ್ತಿದ ಕೂಡಲೇ ನಡುಗಲು ಶುರುವಾಗಿ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ನಿತ್ಯಾನಂದರ ಯಂತ್ರಕ್ಕಾದರೆ ಸರಕಾರದ ಮುದ್ರೆ ಇತ್ತು.

ರಜೆಗೆ ಬಂದು ಗುರುವಾಯನಕೆರೆಯ ಅತ್ತೆಮನೆಯಲ್ಲಿದ್ದ ತೋಡಾರಿನ ಇದಿನಬ್ಬನಿಗೆ ಆಗ ಮೂವತ್ತಮೂರು. ಬಹರೈನಿಗೆ ಹೋದದ್ದು ಗೋದಾಮಿನ ಕೆಲಸಕ್ಕೆ. ಅಲ್ಲಿ ಸಂಜೆ ಹೊತ್ತು ಒಂದು ಜಿಮ್ಮಿನ ನೆಲ ಒರೆಸುತ್ತಿದ್ದವನನ್ನು ತರಬೇತುದಾರನೊಬ್ಬ ಒಂದು ದಿನ ರಿಂಗಿಗೆ ಹತ್ತಿಸಿದ. ಆರು ವರ್ಷಗಳಲ್ಲಿ ಇದಿನಬ್ಬ ಹೆವಿವೇಟ್ ಬಾಕ್ಸರನಾಗಿ ಹನ್ನೊಂದು ಪಂದ್ಯ ಆಡಿದ್ದ. ಆರು ಸೋಲು, ಐದು ಗೆಲುವು. ಗೆದ್ದ ಐದರಲ್ಲಿ ಒಂದು, ಎದುರಾಳಿ ಹಲ್ಲುನೋವೆಂದು ಅರ್ಧದಲ್ಲೇ ಇಳಿದುಹೋದದ್ದರಿಂದ ಬಂದದ್ದು. ರಿಂಗಿನಲ್ಲಿ ಹೆಸರು ಕರೆಯುವವರು ಅವನನ್ನು 'ಎಡ್ಡಿ ನಬ್ಬ' ಎನ್ನುತ್ತಿದ್ದರು. ಮೂಡುಬಿದಿರೆಯ ಒಂದು ಸಂಘದವರು ಶಾಲು ಹೊದೆಸಿ 'ವಿಶ್ವವಿಖ್ಯಾತ ಕರಾಟೆ ಪಟು' ಎಂದು ಸನ್ಮಾನಪತ್ರ ಓದಿದ್ದರು. ಅವನು ತಿದ್ದಲಿಲ್ಲ. ಶಾಲು ಚೆನ್ನಾಗಿತ್ತು.

ಫೆಬ್ರವರಿ 12ರಂದು ಮನಾಮಾದಲ್ಲಿ ಹನ್ನೆರಡನೆಯ ಪಂದ್ಯ. ಚೆನ್ನಾಗಿ ಆಡಿದರೆ ಮುಂದಿನ ಮೂರು ಪಂದ್ಯಗಳ ಒಪ್ಪಂದ, ಇಲ್ಲವಾದರೆ ಪೂರ್ತಿ ಗೋದಾಮು. ಷರತ್ತು ಒಂದೇ. ಹೆವಿವೇಟ್ ಎಂದರೆ ಎಂಬತ್ತಾರು ಕಿಲೋ ಇನ್ನೂರು ಗ್ರಾಮಿಗಿಂತ ಮೇಲಿರಬೇಕು. ಮೇಲೆ ಎಷ್ಟಾದರೂ ಆಗಬಹುದು, ಕೆಳಗೆ ಆಗದು. ತೂಕ ತಪ್ಪಿದವನ ಜಾಗಕ್ಕೆಂದು ಸುಡಾನಿನವನೊಬ್ಬನನ್ನು ಕಾಯ್ದಿರಿಸಿದ್ದರು. ರಂಜಾನಿನ ಉಪವಾಸ ಹಿಡಿದುಕೊಂಡೇ ಓಡಿದ್ದ ಇದಿನಬ್ಬ ಹಬ್ಬ ಮುಗಿಯುವಾಗ ಬಡಕಲಾಗಿದ್ದಾನೆಂದು ಊರೇ ಹೇಳುತ್ತಿತ್ತು. ಈಗ ನಿತ್ಯಾನಂದರೂ ಹೇಳಿದ ಹಾಗಾಯಿತು.

ಸುದ್ದಿ ಹೆಂಡತಿ ಮುರ್ಶಿದಾಳ ಮೂಲಕ ಅತ್ತೆ ರುಖಿಯಮ್ಮನಿಗೆ ತಲುಪಿತು. ಮದುವೆಯಾಗಿ ಏಳು ವರ್ಷ ಕಳೆದರೂ ರುಖಿಯಮ್ಮನಿಗೆ ಅವನು ಪುದಿಯಾಪ್ಳೆಯೇ, ಹೊಸ ಮದುಮಗನೇ. ಹೊಡೆಸಿಕೊಳ್ಳುವುದಕ್ಕೂ ಸಂಬಳ ಕೊಡುವ ದೇಶ ಯಾವುದೆಂಬುದು ಆಕೆಗೆ ಈವರೆಗೆ ಬಗೆಹರಿಯದ ಪ್ರಶ್ನೆ. ಆದರೆ ಅಳಿಯ ತಿಂದು ದಪ್ಪವಾಗಬೇಕೆಂಬ ಉದ್ಯೋಗ ಒಂದು ಉಂಟೆಂದು ತಿಳಿದ ದಿನ ಬಾಕ್ಸಿಂಗಿನ ಮೇಲೆ ಆಕೆಗೆ ಗೌರವ ಬಂತು.

ಬೆಳಿಗ್ಗೆ ಕಲ್ತಪ್ಪ, ಹತ್ತಕ್ಕೆ ಮೊಟ್ಟೆ, ಮಧ್ಯಾಹ್ನ ತುಪ್ಪದ ಅನ್ನ, ನಾಲ್ಕಕ್ಕೆ ಬಾಳೆಹಣ್ಣಿನ ಹಲ್ವ, ರಾತ್ರಿ ಪುಂಡಿ ಮತ್ತು ಕೋಳಿ ಸಾರು. ಓಡಿದರೆ ತಿಂದದ್ದು ಕರಗುತ್ತದೆಂದು ರುಖಿಯಮ್ಮ ಅವನ ಬೂಟನ್ನು ಅಟ್ಟಕ್ಕೆ ಹಾಕಿದಳು. ಇದಿನಬ್ಬ ಎದುರು ಹೇಳಲಿಲ್ಲ. ಹನ್ನೊಂದು ಮಂದಿಯ ಎದುರು ನಿಂತವನಿಗೆ ಅತ್ತೆಯ ಎದುರು ನಿಂತು ಅಭ್ಯಾಸವಿರಲಿಲ್ಲ.

ಶುಕ್ರವಾರ ತೂಕ ಎಂಬತ್ತೈದು.

ನಾಲ್ಕು ದಿನಕ್ಕೆ ಬರೇ ಅರ್ಧ ಕಿಲೋ. ರುಖಿಯಮ್ಮ ಅದನ್ನು ತನ್ನ ಕೈಯಡುಗೆಗೆ ಆದ ಅವಮಾನವೆಂದೇ ತೆಗೆದುಕೊಂಡಳು. ಕೋಳಿಗಳ ಸಂಖ್ಯೆ ಏರಿತು. ಇದಿನಬ್ಬ ಮೆಟ್ಟಿಲು ಹತ್ತುವಾಗ ಸಣ್ಣಗೆ ಏದುಸಿರು ಬಿಡತೊಡಗಿದ. ಕನ್ನಡಿಯ ಮುಂದೆ ಗುದ್ದು ಅಭ್ಯಾಸ ಮಾಡುತ್ತಿದ್ದವನನ್ನು ಮುರ್ಶಿದಾ ನೋಡಿ, ಕೈ ಬೀಸುವ ಮೊದಲೇ ಹೊಟ್ಟೆ ಮುಂದೆ ಹೋಗ್ತದಲ್ಲ, ಎದುರಾಳಿಗೆ ಅದು ಸಿಕ್ಕಿದರೆ ಸಾಕಲ್ಲ ಎಂದು ಕೇಳಿದಳು. ಅವನು ಕನ್ನಡಿಗೆ ಟವೆಲ್ ಹಾಕಿದ.

ಫೆಬ್ರವರಿ 1, ಸೋಮವಾರ, ಮೂರನೆಯ ತೂಕಕ್ಕೆ ರುಖಿಯಮ್ಮ ತಾನೇ ಬಂದಳು. ಕೈಯಲ್ಲಿ ಕರಿಮೆಣಸಿನ ಚೀಲ ಇರಲಿಲ್ಲ. ಅದಿಲ್ಲದೆ ಆಕೆ ಆ ಅಂಗಡಿಗೆ ಬಂದದ್ದು ಅದೇ ಮೊದಲು. ಇಪ್ಪತ್ತು ವರ್ಷಗಳಿಂದ ನಿತ್ಯಾನಂದರೊಂದಿಗೆ ತೂಕದ ವಿಷಯಕ್ಕೆ ಜಗಳವಾಡುತ್ತ ಬಂದಿದ್ದರಿಂದ ಎಲ್ಲಿ ನಿಲ್ಲಬೇಕೆಂಬುದು ಆಕೆಗೆ ಗೊತ್ತಿತ್ತು. ಇದಿನಬ್ಬನಿಗೆ ಕಾಣುತ್ತಿದ್ದದ್ದು ನಿತ್ಯಾನಂದರ ಬೆನ್ನು ಮಾತ್ರ. ಆಕೆ ಅವರ ಹೆಗಲ ಬಳಿಗೇ ಹೋಗಿ, ಕಬ್ಬಿಣದ ಪಟ್ಟಿಯ ಮೇಲೆ ತೂಕ ತೋರಿಸುವ ಬೊಟ್ಟು ಸರಿಯುವುದನ್ನು ನೋಡಿದಳು.

"ಎಂಬತ್ತಾರು," ಎಂದರು ನಿತ್ಯಾನಂದರು.

ಇನ್ನೂರು ಗ್ರಾಂ ಕಡಿಮೆ. ಇದಿನಬ್ಬ ಕಣ್ಣು ಮುಚ್ಚಿದ.

"ನಿತ್ಯಾನಂದಣ್ಣ," ಎಂದಳು ರುಖಿಯಮ್ಮ, "ಬೊಟ್ಟು ಎಂಬತ್ತೆಂಟರಲ್ಲಿ ಉಂಟಲ್ಲ?"

"ಹೌದು. ಗೋಣಿಗೆ ಒಂದು, ಹಸಿಗೆ ಒಂದು."

ನಿತ್ಯಾನಂದರು ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡವರಂತೆ ಕನ್ನಡಕ ತೆಗೆದರು. ಗೋಣಿಯ ಭಾರಕ್ಕೆ ಒಂದು ಕಿಲೋ, ಮಾಲಿನ ತೇವಕ್ಕೆ ಒಂದು ಕಿಲೋ ಕಳೆದು ಕೂಗುವುದು ಮೂವತ್ತು ವರ್ಷಗಳ ರೂಢಿ. ಕಣ್ಣು ಎಂಬತ್ತೆಂಟು ನೋಡಿದರೆ ಬಾಯಿ ತಾನಾಗಿ ಎಂಬತ್ತಾರು ಹೇಳುತ್ತಿತ್ತು.

"ನಮ್ಮ ಪುದಿಯಾಪ್ಳೆಗೆ ಗೋಣಿ ಎಲ್ಲಿ ಉಂಟು?" ಎಂದಳು ರುಖಿಯಮ್ಮ. "ಹಸಿಯೂ ಇಲ್ಲ. ಬೇಕಾದರೆ ಮುಟ್ಟಿ ನೋಡಿ."

"ತಪ್ಪಾಯ್ತು ಮಾರಾಯ್ತಿ," ಎಂದರು ನಿತ್ಯಾನಂದರು. ಕರಿಮೆಣಸಿನ ವಿಷಯದಲ್ಲಿ ಅವರು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

ಇದಿನಬ್ಬ ಇನ್ನೂ ಯಂತ್ರದ ಮೇಲೆಯೇ ಇದ್ದ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೊದಲ ಸೋಮವಾರ ಎಂಬತ್ತನಾಲ್ಕೂವರೆ ಎಂದರೆ ನಿಜವಾಗಿ ಎಂಬತ್ತಾರೂವರೆ. ಅಂದರೆ ಆವತ್ತೇ ಸಾಕಿತ್ತು. ಬಂದದ್ದು ಒಂದೂವರೆ ಕಿಲೋ ಹೊಟ್ಟೆ, ಹೋದದ್ದು ಏಳು ದಿನದ ಓಟ.

ಆ ಸಂಜೆ ಅವನು ತಾನೇ ಅಟ್ಟ ಹತ್ತಿ ಬೂಟು ಇಳಿಸಿದ. ಬಹರೈನಿನ ವಿಮಾನಕ್ಕೆಂದು ಬಸ್ ಹಿಡಿಯಲು ಉಳಿದದ್ದು ನಾಲ್ಕು ದಿನ. ನಾಲ್ಕೂ ದಿನ ಬೆಳ್ತಂಗಡಿಯವರೆಗೆ ಓಡಿ ಬಂದ. ಕೊನೆಯ ದಿನ ಮಾತ್ರ ಅರ್ಧ ದಾರಿಯಲ್ಲಿ ಕೂತ. ಬಸ್ಸಿನವರು ನಿಲ್ಲಿಸಿ, ಬರ್ತೀರಾ ಎಂದು ಕೇಳಿದರಂತೆ.

ಮನಾಮಾದ ಅಧಿಕೃತ ತೂಕದಲ್ಲಿ ಅವನು ಎಂಬತ್ತೇಳು ಕಿಲೋ ನಾನೂರು ಗ್ರಾಂ ಬಂದ. ಎದುರಾಳಿ ಈಜಿಪ್ಟಿನವ ಎಂಬತ್ತೈದೂ ಮುಕ್ಕಾಲು. ಅವನೂ ತಿಂಗಳಿಡೀ ಉಪವಾಸ ಹಿಡಿದಿದ್ದ, ಅವನಿಗೆ ರುಖಿಯಮ್ಮ ಇರಲಿಲ್ಲ. ತೂಕ ತಪ್ಪಿದವನ ಜಾಗಕ್ಕೆ ಷರತ್ತಿನಂತೆ ಸುಡಾನಿನವ ಎದ್ದು ಬಂದ. ಇದಿನಬ್ಬನ ಬದಲಿಗೆ ಬರಬೇಕಾದವನು ಇದಿನಬ್ಬನ ಎದುರಿಗೆ ನಿಂತ.

ಶನಿವಾರ ಬೆಳಿಗ್ಗೆ ನಿತ್ಯಾನಂದರ ಅಂಗಡಿಯ ಫೋನ್ ಬಡಿಯಿತು. ರುಖಿಯಮ್ಮ ಮತ್ತು ಮುರ್ಶಿದಾ ಆರೂವರೆಯಿಂದ ಅಲ್ಲೇ ಕಾದು ಕೂತಿದ್ದರು. ಆರು ಸುತ್ತೂ ನಿಂತೆ, ನಾಲ್ಕನೆಯದರಲ್ಲಿ ಒಮ್ಮೆ ಬಿದ್ದೆ, ಅಂಕಗಳಲ್ಲಿ ಸೋತೆ, ಮೂಗು ಸರಿ ಉಂಟು ಎಂದು ಇದಿನಬ್ಬ ಹೇಳಿದ. ಮುರ್ಶಿದಾ ಮೂಗಿನ ಬಗ್ಗೆ ಎರಡು ಸಲ ಕೇಳಿ ಫೋನನ್ನು ತಾಯಿಗೆ ಕೊಟ್ಟಳು.

ಎದುರಾಳಿಯ ತೂಕ ಎಷ್ಟಿತ್ತು ಎಂದು ರುಖಿಯಮ್ಮ ಕೇಳಿದಳು.

"ನೂರ ನಾಲ್ಕು, ಮಾಮಿ."

ಆಕೆ ನಿತ್ಯಾನಂದರ ಕಡೆ ನೋಡಿದಳು.

"ಗೋಣಿ ಕಳೆದಾ, ಸೇರಿಸಿಯಾ?"

ಮೂರು ಪಂದ್ಯಗಳ ಒಪ್ಪಂದ ಸುಡಾನಿನವನಿಗೆ ಹೋಯಿತು. ಅದರಲ್ಲಿ ಮೊದಲನೆಯದಕ್ಕೆ ಎದುರಾಳಿಯಾಗಿ ಇದಿನಬ್ಬನನ್ನೇ ಕರೆದರು. ಏಪ್ರಿಲ್ 30ರಂದು ನಡೆದ ಆ ಪಂದ್ಯವನ್ನು ಇದಿನಬ್ಬ ಅಂಕಗಳಲ್ಲಿ ಗೆದ್ದ.