ಕೆಂಪಾಗದ ಕಲೆ

ಶಿಡ್ಲಘಟ್ಟದ ಕೋನಪ್ಪನ ಗರಡಿಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟು ಇತ್ತು. ಪಂದ್ಯಕ್ಕೆ ಒಂದು ಮಂಡಲ ಇರುವಾಗ ಹುಡುಗನು ಆಂಜನೇಯನ ಪಟದ ಮುಂದೆ ಕುಸ್ತಿಯ ಕಣದ ಮಟ್ಟಿಯ ಮಣ್ಣು ಹಣೆಗಿಟ್ಟು ವ್ರತ ಹಿಡಿಯುತ್ತಿದ್ದನು. ಅಲ್ಲಿಂದಾಚೆಗೆ ಅವನನ್ನು ಹೆಂಗಸರು ಮುಟ್ಟುವಂತಿಲ್ಲ, ಹೆತ್ತ ತಾಯಿಯೂ ಮುಟ್ಟುವಂತಿಲ್ಲ. ಊಟ, ನಿದ್ದೆ ಎಲ್ಲ ಗರಡಿಯಲ್ಲೇ. ಪಟ್ಟು ಕಲಿಸುವ ವಸ್ತಾದಿಯ ಕೈಯಿಂದ ಬಂದದ್ದನ್ನು ಇದೇನೆಂದು ಕೇಳದೆ ಕುಡಿಯಬೇಕು. ಪಂದ್ಯ ಮುಗಿಸಿ ಬಂದ ಮೇಲೆ ತಾಯಿ ಎಣ್ಣೆ ಹಚ್ಚಿ ನೀರು ಹಾಕಿದರೆ ವ್ರತ ತೀರಿತು.

ವಸ್ತಾದಿ ಕೋನಪ್ಪ ಓಬಳಮ್ಮನ ಒಡಹುಟ್ಟಿದ ಅಣ್ಣ. ಗಂಡ ಸತ್ತಾಗ ಅವಳು ಕಂಕುಳಲ್ಲಿ ಚಲಪತಿಯನ್ನು ಎತ್ತಿಕೊಂಡು ಈ ಮನೆಗೆ ಬಂದವಳು. ಹಗಲು ರೇಷ್ಮೆ ಚರಕದ ಮುಂದೆ ಕೂತು ಬಿಸಿನೀರಿನ ಗೂಡಿನಿಂದ ನೂಲು ತೆಗೆಯುತ್ತಿದ್ದಳು, ಬೆಳಗ್ಗೆ ಸಂಜೆ ಗರಡಿಗೆ ಬಾದಾಮಿ ಅರೆಯುತ್ತಿದ್ದಳು, ಹುಡುಗರ ಲಂಗೋಟಿ ಒಗೆಯುತ್ತಿದ್ದಳು. ಮಗನೊಬ್ಬ ಆಳಾದರೆ ಸಾಕು, ಬೇರೆ ಇನ್ನೇನೂ ಅವಳಿಗೆ ಬೇಕಿರಲಿಲ್ಲ.

ಚಲಪತಿ ಆಳೂ ಆದ. ಗರಡಿಯ ಬಾಗಿಲಲ್ಲಿದ್ದ ಕಲ್ಲುಗುಂಡನ್ನು ಹೆಗಲಿಗೇರಿಸಿ ಊರಬಾವಿಯ ತನಕ ನಡೆಯುತ್ತಿದ್ದ. ಆದರೆ ಕಾಲ ಬದಲಾಗಿತ್ತು. ಚಿಕ್ಕಬಳ್ಳಾಪುರದ ಟೆಂಟಿನಲ್ಲಿ ಅಂಗಸೌಷ್ಠವದ ಪಂದ್ಯ ಶುರುವಾಗಿತ್ತು. ಅಲ್ಲಿ ಗುಂಡು ಎತ್ತು ಎನ್ನುವವರಿಲ್ಲ, ಪಟ್ಟು ಹಾಕು ಎನ್ನುವವರಿಲ್ಲ. ಮೈಗೆ ಎಣ್ಣೆ ಬಳಿದು ದೀಪದ ಕೆಳಗೆ ನಿಂತು ತೋಳು ತೊಡೆ ಉಬ್ಬಿಸಿ ತೋರಿಸಿದರೆ ಆಯಿತು. ಅರವತ್ತಮೂರನೇ ಇಸವಿಯ ಪಂದ್ಯದಲ್ಲಿ ಚಿಂತಾಮಣಿಯ ಬಯ್ಯಪ್ಪ ಬಂದು ನಿಂತ. ಅದರ ಹಿಂದಿನ ವರ್ಷ ಅವನು ಕಡ್ಡಿಯ ಹಾಗಿದ್ದವನು. ಈಗ ಕತ್ತಿಗೂ ಹೆಗಲಿಗೂ ಸಂದಿಲ್ಲದಂತೆ ಊದಿದ್ದ. ಅವನ ಪಕ್ಕದಲ್ಲಿ ಚಲಪತಿಯನ್ನು ನೋಡಿ ಜನ ನಕ್ಕರು.

"ಅಪ್ಪಯ್ಯಾ, ನೀನು ಮಂಡಿಗೆ ಹೋಗಿ ರಾಗಿ ಮೂಟೆ ಹೊರೋಗು" ಎಂದು ಒಬ್ಬ ಕೂಗಿದ.

ಆ ನಗು ಕೋನಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬಯ್ಯಪ್ಪನ ಗುಟ್ಟು ಏನೆಂದು ವಿಚಾರಿಸಿದ. ಒಬ್ಬ ಕಾಂಪೌಂಡರು ಹೇಳಿದ: ಗುಲಾಬಿ ಬಣ್ಣದ ಸಣ್ಣ ಮಾತ್ರೆ, ವಿಷಮಜ್ವರದಿಂದ ಎದ್ದವರಿಗೆ ಮೈ ಹತ್ತಲಿ ಎಂದು ಕೊಡುವುದು, ದಿನಕ್ಕೆ ಒಂದೋ ಎರಡೋ, ಅದೂ ಕೆಲವೇ ದಿನ. ಕೋನಪ್ಪ ಸೀಸೆ ಸೀಸೆಯಾಗಿ ತಂದು ಆಂಜನೇಯನ ಪಾದದಲ್ಲಿಟ್ಟು ಕರ್ಪೂರ ಬೆಳಗಿದ. ಆಮೇಲೆ ಒಂದು ಹಿಡಿ ತೆಗೆದು ತಂಗಿಯ ಒರಳಿಗೆ ಹಾಕಿದ.

"ಇಷ್ಟೊಂದಾ ಅಣ್ಣಯ್ಯ?"

"ಹಾಸಿಗೆ ಹಿಡಿದೋನನ್ನ ಒಂದು ಮಾತ್ರೆ ಎಬ್ಬಿಸಿ ಕೂರಿಸುತ್ತೆ ಅಂದ್ರೆ ಗಟ್ಟಿಮುಟ್ಟಾದೋನಿಗೆ ಎಷ್ಟು ಬೇಕು, ನೀನೇ ಹೇಳು. ಸ್ವಾಮಿ ಪಾದಕ್ಕೆ ಬಿದ್ದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಲೆಕ್ಕ ಇಡ್ತಾರೇನಮ್ಮ?"

ಓಬಳಮ್ಮ ದೇವರಿಗೆ ಅಂಜುವವಳು. ಬಾದಾಮಿಯ ಜತೆಗೆ ನುಣ್ಣಗೆ ಅರೆದುಕೊಟ್ಟಳು. ಹಾಲು ನಸುಗೆಂಪಾಯಿತು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಚಲಪತಿ ಊದಿದ. ತೊಡೆಗೆ ತೊಡೆ ತಾಗಿ ಕಾಲು ಅಗಲಿಸಿ ನಡೆಯುವಂತಾದ. ಮಾತಿಗೆ ಮುಂಚೆ ಕೈ ಎತ್ತುವವನಾದ. ಕೋನಪ್ಪ ಅವನನ್ನು ಎತ್ತಿನ ವ್ಯಾಪಾರಿಯ ಹಾಗೆ ಸುತ್ತಿ ಸುತ್ತಿ ನೋಡುತ್ತಿದ್ದ.

ಮರುವರ್ಷದ ಪಂದ್ಯ ಹತ್ತಿರವಾಗಿ ವ್ರತ ಹಿಡಿದ ಮೇಲೆ ಅವನ ಮೈ ಹಳದಿಗೆ ತಿರುಗಿತು. ಯಾರೂ ಬೆಚ್ಚಲಿಲ್ಲ. ಗರಡಿಯ ಮಟ್ಟಿಯೆಂದರೆ ಬರಿಯ ಕೆಮ್ಮಣ್ಣಲ್ಲ, ಅದಕ್ಕೆ ಎಣ್ಣೆ, ಮಜ್ಜಿಗೆ, ಸೇರುಗಟ್ಟಲೆ ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ಹೊಸ ಮಟ್ಟಿಯಲ್ಲಿ ಹೊರಳಿದ ಹುಡುಗರೆಲ್ಲ ಹಳದಿಯಾಗಿಯೇ ಇರುತ್ತಾರೆ. ಚರಕದ ಪಕ್ಕದಲ್ಲಿ ಕೂರುತ್ತಿದ್ದ ವೆಂಕಟರತ್ನಮ್ಮನಂತೂ, "ನಿನ್ನ ಮಗ ಹಣ್ಣಾದ ರೇಷ್ಮೆ ಹುಳದ ಹಾಗೆ ಹೊಳೀತಾನೆ ಕಣೇ. ಇನ್ನು ಗೂಡು ಕಟ್ಟೋದೊಂದು ಬಾಕಿ" ಎಂದು ನಕ್ಕಳು. ಕೈಯಲ್ಲಿ ಬೇಯುತ್ತಿದ್ದ ಗೂಡು ಹಿಡಿದಿದ್ದ ಓಬಳಮ್ಮನಿಗೆ ನಗು ಬರಲಿಲ್ಲ.

ಮಗನನ್ನು ಮುಟ್ಟುವಂತಿರಲಿಲ್ಲ, ಅವನ ಲಂಗೋಟಿಯನ್ನು ಮುಟ್ಟಬಹುದಿತ್ತು. ಒಂದು ದಿನ ಬಾವಿಯ ಕಲ್ಲಿನ ಮೇಲೆ ಎಲ್ಲರ ಲಂಗೋಟಿಗೂ ಚೌಳುಮಣ್ಣು ಹಚ್ಚಿದಳು. ಅರಿಶಿನಕ್ಕೆ ಚೌಳು ತಾಗಿದರೆ ಓಕುಳಿಯ ಹಾಗೆ ಕೆಂಪಾಗುವುದು ಎಲ್ಲ ಮನೆಯ ಹೆಂಗಸರಿಗೂ ಗೊತ್ತು. ಉಳಿದವರ ಲಂಗೋಟಿಗಳು ಕೆಂಪಾದವು. ಚಲಪತಿಯದು ಅಂಚಿನಲ್ಲಷ್ಟೇ ಕೆಂಪಾಯಿತು. ನಡುವೆ ದಟ್ಟ ಹಳದಿ ಹಾಗೆಯೇ ನಿಂತಿತು. ಅವಳು ಇನ್ನೊಂದು ಹಿಡಿ ಚೌಳು ಹಾಕಿ ಉಜ್ಜಿದಳು. ಕಲೆ ಕೆಂಪಾಗಲಿಲ್ಲ.

ಒದ್ದೆ ಬಟ್ಟೆಯನ್ನೇ ಹಿಡಿದು ಗರಡಿಯ ಬಾಗಿಲಿಗೆ ಹೋದಳು. "ಅಣ್ಣಯ್ಯ, ಇದು ಅರಿಶಿನ ಅಲ್ಲ. ಇದು ಮಗೂನ ಉಚ್ಚೆ ಬಣ್ಣ. ಅವನಿಗೆ ಕಾಮಾಲೆ ಆಗಿದೆ."

ಕೋನಪ್ಪ ಹುಡುಗರ ಕಡೆ ತಿರುಗಿದ. "ಕೇಳಿದ್ರೇನ್ರೋ? ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತಾರಲ್ಲ, ಈಯಮ್ಮನ್ನ ನೋಡೇ ಅಂದಿರಬೇಕು."

ಗರಡಿ ತುಂಬ ನಗು. ಚಲಪತಿಯೂ ನಕ್ಕ. ನಗುತ್ತಾ ನಗುತ್ತಾ ಮೈಯೆಲ್ಲ ಪರಪರ ಕೆರೆದುಕೊಂಡ.

ಮಾರನೆಯ ಬೆಳಗ್ಗೆ ಓಬಳಮ್ಮ ಬರಿಯ ಬಾದಾಮಿ ಅರೆದಳು. ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಪ್ರಸಾದ ಬಚ್ಚಿಟ್ಟ ಪಾಪ ನನಗಿರಲಿ ಸ್ವಾಮಿ ಎಂದು ಕೈಮುಗಿದಳು. ಚೊಂಬು ಗರಡಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಚಲಪತಿಯೇ ಹಿತ್ತಿಲ ಬಾಗಿಲಲ್ಲಿ ಬಂದು ನಿಂತ. ಅವನ ಕಣ್ಣಿನ ಬಿಳಿ ಮಾಗಿದ ನಿಂಬೆಯ ಬಣ್ಣಕ್ಕೆ ತಿರುಗಿತ್ತು.

"ಹಾಲು ಬೆಳ್ಳಗಿದೆ" ಎಂದ.

"ಬೇಡಪ್ಪ. ಸಾಕು ಕಣಪ್ಪ. ಬಂಗಾರದಂಥೋನು ನೀನು, ಗೆಲ್ಲದಿದ್ರೆ ಏನೀಗ?"

"ಯಾರ ಮಗ ಗೆಲ್ಲಬೇಕು ನಿಂಗೆ? ಚಿಂತಾಮಣಿಯೋರ ಮಗನಾ?"

"ನನ್ನ ಮಗ ಉಳೀಬೇಕು."

"ಉಳಿಸೋಳು ಅಪ್ಪನ್ನ ಉಳಿಸಬೇಕಿತ್ತು. ತವರುಮನೆ ಮುದ್ದೆಗೆ ಬಿದ್ದು ಬೆಳೆಸಿದೀಯ, ಈಗ ಗೆಲ್ಲೋಕೂ ಬಿಡಲ್ಲ. ಅರೀ."

ಅವನು ಒರಳಿನ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಓಬಳಮ್ಮ ಸೆರಗು ಬಿಚ್ಚಿ ಮಾತ್ರೆಗಳನ್ನು ಒರಳಿಗೆ ಸುರಿದಳು. ಅವನು ಸೀಸೆಯಿಂದ ಇನ್ನೊಂದು ಹಿಡಿ ತಂದು ಮೇಲೆ ಹಾಕಿದ. "ಹಾಂ, ಅರೀ. ನುಣ್ಣಗೆ." ಅವಳು ಅರೆದಳು. ಕಣ್ಣೀರು ಬಿದ್ದದ್ದನ್ನು ನೋಡಿ, "ಉಪ್ಪು ಬೇಡ, ಹಾಲಿಗೆ" ಎಂದು ಹಂಗಿಸಿದ. ಅವಳು ಕೈಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿದ್ದ. ವ್ರತ ಕೆಟ್ಟೀತೆಂದು ಅವಳು ಮುಟ್ಟಲಿಲ್ಲ.

ಪಂದ್ಯದ ದಿನ ಓಬಳಮ್ಮ ವೆಂಕಟರತ್ನಮ್ಮನನ್ನು ಜತೆಗೆ ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಟೆಂಟಿನ ಹೆಂಗಸರ ಕಡೆ ಕೂತಳು. ಮೊದಲು ಬಯ್ಯಪ್ಪ ಬಂದ. ಜನ ಕೂಗಿದರು. ಆಮೇಲೆ ಚಲಪತಿ ಬಂದ. ಎಣ್ಣೆ ಹಚ್ಚಿದ ಆ ಹಳದಿ ಮೈಗೆ ದೀಪದ ಬೆಳಕು ಬಿದ್ದಾಗ ಟೆಂಟಿನ ಜನ ಕತ್ತು ಚಾಚಿ ನೋಡಿದರು. ಪುಟಕ್ಕೆ ಹಾಕಿ ತೆಗೆದ ಚಿನ್ನದ ಬೊಂಬೆಯ ಹಾಗಿದ್ದ. ತೀರ್ಪು ಹೇಳುವವರಲ್ಲಿ ಒಬ್ಬರು ಎದ್ದು, ಇಂಥ ಮೈಬಣ್ಣವನ್ನು ತಾವು ಯಾವ ಪಂದ್ಯದಲ್ಲೂ ಕಂಡಿಲ್ಲವೆಂದೂ ಇದು ನಮ್ಮ ಗರಡಿಗಳ ಅರಿಶಿನದ ಮಹಿಮೆಯೆಂದೂ ಹೊಗಳಿದರು. ಚಪ್ಪಾಳೆ ಬಿತ್ತು. ಬೆಳ್ಳಿಯ ಬಟ್ಟಲು ಚಲಪತಿಗೆ ಸಂದಿತು. ಕೋನಪ್ಪ ಅದನ್ನು ತಲೆಯ ಮೇಲಿಟ್ಟುಕೊಂಡು ಕುಣಿದ.

"ಅಳ್ತೀಯಲ್ಲೇ, ಆನಂದಬಾಷ್ಪವಾ?" ಎಂದಳು ವೆಂಕಟರತ್ನಮ್ಮ.

ಮಾರನೆಯ ದಿನ ಬಚ್ಚಲಲ್ಲಿ ಮಣೆ ಹಾಕಿ ಓಬಳಮ್ಮ ಮಗನನ್ನು ಕೂರಿಸಿದಳು. ಒಂದು ಮಂಡಲದ ಮೇಲೆ ಅವನ ನೆತ್ತಿ ಮುಟ್ಟಿದಳು. ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ, ಬಿಸಿನೀರು ಹೊಯ್ದು ಉಜ್ಜಿದಳು. ನೀರು ತಿಳಿಯಾಗಿ ಹರಿಯಿತು. ಹಳದಿ ಬಿಡಲಿಲ್ಲ. ಚಲಪತಿ ಬಲಗಡೆಯ ಪಕ್ಕೆಯ ಕೆಳಗೆ ಕೈಯೊತ್ತಿಕೊಂಡು, "ಇಲ್ಲಿ ಉಜ್ಜಬೇಡಮ್ಮ, ನೋಯುತ್ತೆ" ಎಂದ. ದನಿ ಚಿಕ್ಕಂದಿನದಾಗಿತ್ತು. ಅವನು ಏಳಲು ಹೋಗಿ ಮಣೆಯ ಮೇಲೆಯೇ ಮುಗ್ಗರಿಸಿದ. ಅಷ್ಟು ದೊಡ್ಡ ಮೈಯನ್ನು ಹಿಡಿಯಲು ಅವಳಿಂದಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಪಿತ್ತಜನಕಾಂಗ ಒಡೆದು ಒಳಗೆ ರಕ್ತ ತುಂಬಿದೆ ಎಂದರು. "ಏನೇನು ಕೊಡ್ತಿದ್ರಿ ಇವನಿಗೆ?"

"ನಾನೇ ಅರೀತಿದ್ದೆ ಸ್ವಾಮಿ" ಎಂದು ಓಬಳಮ್ಮ ಬಾಯಿ ತೆರೆದಳು.

"ಬಾದಾಮಿ ಸ್ವಾಮಿ, ಬಾದಾಮಿ ಅರೀತಿದ್ಲು" ಎಂದು ಕೋನಪ್ಪ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

ಸಂಜೆಯೊಳಗೆ ಚಲಪತಿ ಹೋದ. ಗರಡಿಯ ಪದ್ಧತಿಯಂತೆ ಕೋನಪ್ಪ ಹೆಣದ ಎದೆಯ ಮೇಲೆ ಒಂದು ಹಿಡಿ ಮಟ್ಟಿ ಹಾಕಿದ. ಬಂದವರೆಲ್ಲ, ಸತ್ತರೂ ಮುಖದಲ್ಲಿ ಎಂಥ ಕಳೆ ನೋಡಿ ಎಂದರು.

ತಿಥಿ ಕಳೆದ ಮೇಲೆ ಬಯ್ಯಪ್ಪ ಚಿಂತಾಮಣಿಯಿಂದ ಬಂದ. ಜಗಲಿಯ ಮೇಲೆ ಕೂತು ಓಬಳಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ತನ್ನ ಮಗನನ್ನು ನೆನೆದು ಇಷ್ಟು ದೂರ ಬಂದನಲ್ಲ ಎಂದು ಅವಳ ಮನಸ್ಸು ಕರಗಿತು. ಒಳಗಿನಿಂದ ನೀರು ತಂದುಕೊಟ್ಟಳು. ಅವನು ಕುಡಿದು, ಚೊಂಬು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದ:

"ದಿನಕ್ಕೆ ಎಷ್ಟು ಹಾಕ್ತಿದ್ರಿ ಅಮ್ಮ?"

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವನ ಮುಖ ನೋಡಿದಳು. ಕಣ್ಣಿನ ಬಿಳಿಯ ಅಂಚಿಗೆ ಆಗಲೇ ಹಳದಿ ಇಳಿದಿತ್ತು. "ಅಪ್ಪಾ, ಅವನು ಸತ್ತ ಕಣಪ್ಪ. ಅದರಿಂದಲೇ ಸತ್ತ. ನಿನ್ನ ಕಣ್ಣೂ ಹಾಗೇ ಇದೆ, ಬಿಟ್ಟುಬಿಡು. ನಿನ್ನ ತಾಯಿ ಇದಾಳಲ್ಲ?"

"ಇದಾಳೆ" ಎಂದ ಬಯ್ಯಪ್ಪ. "ಸತ್ತ ಸರಿ ಅಮ್ಮ. ಗೆದ್ದನಲ್ಲ?"

ಬಾಗಿಲಲ್ಲಿ ನಿಂತಿದ್ದ ಕೋನಪ್ಪ ಕೆಳಗಿಳಿದು ಬಂದು ಬಯ್ಯಪ್ಪನ ಸುತ್ತ ಒಂದು ಸುತ್ತು ಬಂದ. ಹೆಗಲು ಹಿಚುಕಿ ನೋಡಿದ. "ನಿಮ್ಮ ವಸ್ತಾದಿಗೆ ಕೈ ಬಿಗಿ. ಮೈ ಒಳ್ಳೇದಿದೆ, ಬಣ್ಣ ಸಾಲದು. ಮಂಗಳವಾರ ಬಂದು ಮಟ್ಟಿ ಮುಟ್ಟು" ಎಂದ. ಆಮೇಲೆ ತಂಗಿಯ ಕಡೆ ನೋಡದೆಯೇ, "ಓಬಳಮ್ಮಾ, ಬಾದಾಮಿ ನೆನೆಹಾಕು" ಎಂದ.

"ನನ್ನ ಕೈಲಾಗಲ್ಲ ಅಣ್ಣಯ್ಯ."

"ಆಗದಿದ್ರೆ ಬಾಗಿಲು ತೆರೆದೇ ಇದೆ, ಹೊರಡು. ಇಷ್ಟು ದಿನ ಮಗ ಇದ್ದ ಅಂತ ಇಟ್ಕೊಂಡಿದ್ದೆ."

ಅವಳು ಎದುರಿನ ಗರಡಿಯೊಳಗಿನ ಪಟದ ಆಂಜನೇಯನನ್ನು ನೋಡಿದಳು. ಅವನ ಮೈಗೂ ಸಿಂಧೂರ ಬಳಿದಿತ್ತು, ಪಾದದಲ್ಲಿ ಸೀಸೆ ಇತ್ತು.

ಮಂಗಳವಾರ ಬಯ್ಯಪ್ಪ ಬಂದು ಮಟ್ಟಿ ಮುಟ್ಟಿದ. ಅದೇ ವಾರದಲ್ಲಿ ಒಂದು ಬೆಳಗ್ಗೆ ಓಬಳಮ್ಮ ಬಾವಿಯ ಕಲ್ಲಿನ ಮೇಲೆ ಲಂಗೋಟಿಗಳನ್ನು ಹರಡಿ ಚೌಳುಮಣ್ಣು ಹಚ್ಚಿದಳು. ಎಲ್ಲವೂ ಕೆಂಪಾದವು, ಒಂದನ್ನು ಬಿಟ್ಟು. ಅದಕ್ಕೆ ಇನ್ನೊಂದು ಹಿಡಿ ಚೌಳು ಹಾಕಿ ಉಜ್ಜಿದಳು. ಗರಡಿಯೊಳಗಿನಿಂದ ಹಾಲು ಎಲ್ಲಿ ಎಂದು ಕೂಗಿದರು. ಅವಳು ಬಟ್ಟೆಯನ್ನು ಹಿಂಡಿ, ಕೊಡವಿ, ಮಗನದನ್ನು ಒಣಹಾಕುತ್ತಿದ್ದ ಹಗ್ಗದ ಮೇಲೆಯೇ ಹಾಕಿ ಒರಳಿನ ಕಡೆಗೆ ನಡೆದಳು.