ಮೊದಲ ಕೂಗಿಗೆ ಓ ಅನ್ನದವರು

ಪುಣೆಯ ಬುಧವಾರ ಪೇಟೆಯ ತಗಡಿನ ಥೇಟರಿನಲ್ಲಿ ಮಂಗಳವಾರ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಆಟ ಇರುತ್ತಿತ್ತು. ಚಿತ್ರಗಳಿಗೆ ಆಗ ಇನ್ನೂ ಬಾಯಿ ಬಂದಿರಲಿಲ್ಲ. ಪರದೆಯ ಪಕ್ಕ ಒಬ್ಬ ಗಂಡಸು ಕೋಲು ಹಿಡಿದು ನಿಂತು ಮರಾಠಿಯಲ್ಲಿ ಕಥೆ ಹೇಳುವನು. ಅಷ್ಟು ಹೆಂಗಸರ ನಡುವೆ ಅವನದೊಂದು ಮೀಸೆ ಯಾಕೆ ಎಂದು ಹಿರಿಯರು ಮುಖ ಸಿಂಡರಿಸಿದ ಮೇಲೆ, ಮ್ಯಾನೇಜರ ಬಾಪೂರಾವ ಕಥೆ ಹೇಳುವ ಹೆಂಗಸನ್ನು ಹುಡುಕತೊಡಗಿದ. ಸಾವಂತ್ರವ್ವ ತಾನಾಗಿಯೇ ಹೋಗಿ ಕೇಳಿದಳು.

ಬಾಗಲಕೋಟೆ ಕಡೆಯವಳು. ಗಂಡ ಮುರುಗೆಪ್ಪ ರವಿವಾರ ಪೇಟೆಯಲ್ಲಿ ಕುಪ್ಪಸದ ಖಣದ ಅಂಗಡಿಯಲ್ಲಿ ಗುಮಾಸ್ತ. ತವರಿನಲ್ಲಿ ಅವಳು ಕಥೆಗೆ ಕೂತಳೆಂದರೆ ಊರೇ ಅಂಗಳಕ್ಕೆ ಬರುತ್ತಿತ್ತು; ಈ ಊರಿಗೆ ಬಂದ ಮೇಲೆ ಆ ನಾಲಿಗೆ ಕಾಯಿಪಲ್ಲೆ ಚೌಕಾಸಿಗಷ್ಟೇ ಉಳಿದಿತ್ತು. ಆ ಕೋಲು ಅವಳಿಗೆ ಬೇಕೇ ಬೇಕಿತ್ತು. ಬಾಪೂರಾವನಿಗೆ ಅನುಮಾನ. ಬರುವ ವಾರ ದೆವ್ವದ ಚಿತ್ರ. ಹೆಂಗಸರು ಹೆದರಿದರೆ ಕೋಲು ನಿನಗೆ, ನಕ್ಕರೆ ಕೀರ್ತನೆ ಮಾಡುವ ರಂಗೂಬಾಯಿಗೆ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ.

ಅವಳು ಬಾಡಿಗೆಗಿದ್ದ ವಾಡೆಯ ಹೆಂಗಸರಲ್ಲಿ ಅಂದಿನಿಂದ ದೆವ್ವದ ಮಾತೇ ಮಾತು. ಮಾಲಕರ ಸೊಸೆ ಗೋದಾ, ಮರಾಠಿಯವಳು, ದೆವ್ವದ ಹಿಂದುಮುಂದಾದ ಪಾದ ಕಂಡರೆ ಸಾಕು ತನ್ನ ಎದೆ ಒಡೆಯುತ್ತದೆ ಎಂದಳು. ಸಾವಂತ್ರವ್ವನ ಸೀಮೆಯ ಚನ್ನಬಸವ್ವ ಅದನ್ನು ಒಪ್ಪಲಿಲ್ಲ. ದೆವ್ವದ ಜೋರೆಲ್ಲ ದನಿಯಲ್ಲಿ. ಬಾಗಿಲ ಹೊರಗೆ ನಿಂತು ನಮ್ಮವರ ದನಿ ತೆಗೆದು ಹೆಸರು ಹಿಡಿದು ಕೂಗುತ್ತದೆ. ಮೊದಲ ಕೂಗಿಗೆ ಓ ಅಂದವರು ಉಳಿಯುವುದಿಲ್ಲ. ಅದಕ್ಕೆ ಮೂರು ಸಲ ಕೂಗುವ ಶಕ್ತಿ ಇಲ್ಲ, ಮೂರನೆಯ ಕೂಗಿನ ತನಕ ಬಾಯಿ ಬಿಗಿಹಿಡಿಯಬೇಕು ಎಂದಳು. ಓಣಿಯ ಮೂಲೆಯಲ್ಲಿ ಚಹದ ಹೋಟೆಲು ಇಟ್ಟ ತನಿಯಪ್ಪನ ಹೆಂಡತಿ ರಾಜೀವಿ ಉಡುಪಿ ಕಡೆಯವಳು. ಅವಳು ಇಬ್ಬರ ಮಾತಿಗೂ ನಕ್ಕಳು.

“ನಮ್ಮಲ್ಲಿ ಭೂತ ಅಂದ್ರೆ ಕೈ ಮುಗಿಯುವುದು ಮಾರಾಯ್ತಿ. ಸತ್ತವರು ಬಂದ್ರೆ ಅವರಿಗೆ ಎಂತದೋ ಬೇಕು ಅಂತ ಲೆಕ್ಕ. ಕೊಟ್ಟು ಕಳಿಸಿದ್ರೆ ಆಯ್ತು.”

ಮಂಗಳವಾರ ಥೇಟರು ತುಂಬಿತು. ಮುಂದೆ ಗೋದಾಳ ಬಳಗ, ಹಿಂದೆ ಚನ್ನಬಸವ್ವನ ಜೊತೆ ಇಳಕಲ್ಲ ಸೀರೆಯವರು, ಬಾಗಿಲ ಬಳಿ ರಾಜೀವಿ ಮತ್ತು ಅವಳ ಊರವರು. ಸಾವಂತ್ರವ್ವ ತನಗೆ ಬರುವ ಮರಾಠಿಯಲ್ಲಿ ಶುರು ಮಾಡಿದಳು. ಬಾವಿಯಿಂದ ಎದ್ದ ಹೆಂಗಸಿನ ತಿರುಗಿದ ಪಾದ ಪರದೆಯ ಮೇಲೆ ಬಂದದ್ದೇ ಗೋದಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಹಿಂದಿನವರು ಮಾತ್ರ ಎಲೆಅಡಿಕೆ ಮೆಲ್ಲುತ್ತ ಕೂತಿದ್ದರು.

“ಬಾಯಿ ಇಲ್ಲದ ದೆವ್ವ, ಏನ್ ಮಾಡೀತು ಬಿಡ್ರೆವಾ,” ಎಂದಳು ಚನ್ನಬಸವ್ವ.

ಹಿಂದೆ ಹುಟ್ಟಿದ ನಗು ಮುಂದಿನ ಸಾಲಿಗೂ ಹತ್ತಿತು. ನಕ್ಕರೆ ಕೋಲು ರಂಗೂಬಾಯಿಗೆ ಎಂಬ ಮಾತು ಸಾವಂತ್ರವ್ವನಿಗೆ ನೆನಪಾಯಿತು. ಪರದೆಯ ಮೇಲೆ ದೆವ್ವ ಮನೆಯೊಂದರ ಬಾಗಿಲಿಗೆ ಬಂದು ಬಾಯಿ ತೆರೆಯಿತು. ಅವಳು ಮರಾಠಿಯನ್ನು ಅಲ್ಲೇ ಬಿಟ್ಟಳು. ಸತ್ತುಹೋದ ತನ್ನ ಅತ್ತೆಯ ದನಿ ತೆಗೆದು, ಆ ಮನೆಯೊಳಗಿನ ಹೆಂಗಸಿಗೆ ತಾನೇ ಒಂದು ಹೆಸರಿಟ್ಟು, ಮೆಲ್ಲಗೆ, ಅಕ್ಕರೆಯಿಂದ ಕೂಗಿದಳು.

“ಪಾರವ್ವಾ... ಬಾಗಲಾ ತಗೀಯವಾ.”

ಹಿಂದಿನ ಸಾಲಿನ ದವಡೆಗಳು ನಿಂತವು. ಅದೇ ಹೊತ್ತಿಗೆ ಚಿತ್ರದ ಸುರುಳಿ ಹರಿದು ಥೇಟರು ಕತ್ತಲಾಯಿತು. ಗದ್ದಲವಾದೀತೆಂದು ಬಾಪೂರಾವ ಬಾಗಿಲಿಂದ ಸಾವಂತ್ರವ್ವನ ಹೆಸರು ಹಿಡಿದು ಕರೆದ. ಓ ಅನ್ನಲು ಹೋದ ಅವಳ ಬಾಯಿಯನ್ನು ಹುಟ್ಟಿನಿಂದ ಬಂದ ರೂಢಿ ಕಟ್ಟಿಹಾಕಿತು. ಅವನು ಮತ್ತೆ ಕರೆದ. ಹಿಂದಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದದ್ದು ಬಾಗಿಲ ಸಂದಿಯ ಬೆಳಕಿನಲ್ಲಿ ಮುಂದಿನವರಿಗೆ ಕಂಡಿತು. ಯಾಕೆಂಬ ಪಿಸುಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಗೋದಾಳ ಬಳಗಕ್ಕೆ ತಲುಪಿದ್ದು ಅರ್ಧವೇ: ಓ ಅಂದವರು ಉಳಿಯುವುದಿಲ್ಲ.

ಮೂರನೆಯ ಕೂಗು ಬಂತು. ಸಾವಂತ್ರವ್ವ ಸಮಾಧಾನದಿಂದ ಓ ಅಂದಳು. ಆಗ ಮುಂದಿನ ಸಾಲುಗಳಿಂದ ಎದ್ದ ಚೀರಾಟಕ್ಕೆ ಹೊರಗೆ ನಿಂತ ಟಾಂಗಾ ಕುದುರೆಗಳು ಬೆದರಿದವು.

ಸುರುಳಿ ಜೋಡಿಸಿ ಚಿತ್ರ ಮತ್ತೆ ಹತ್ತಿತು. ಮಂತ್ರವಾದಿ ದೆವ್ವವನ್ನು ಮೊಳೆ ಹೊಡೆದು ಮರಕ್ಕೆ ಬಿಗಿಯಲು ಸುತ್ತಿಗೆ ಎತ್ತಿದ. ರಾಜೀವಿ ಎದ್ದು ನಿಂತಳು.

“ಅದಕ್ಕೆ ಎಂತ ಬೇಕು ಅಂತ ಯಾರೂ ಕೇಳುವುದಿಲ್ವಾ?”

ಸಾವಂತ್ರವ್ವನ ಕೋಲು ನಿಂತಿತು. ಪರದೆಯ ಮೇಲೆ ದೆವ್ವ ಎರಡೂ ಕೈ ಮೇಲೆತ್ತಿತ್ತು, ಬರಿಗೈ. ಇವಳು ಸೀಮಂತದ ಬಳೆ ತೊಡುವ ಮೊದಲೇ ಸತ್ತ ಬಸುರಿ, ಹಸಿರು ಬಳೆ ಕೇಳುತ್ತಿದ್ದಾಳೆ, ಗಂಡಸರಿಗೆ ಅದು ಕೇಳಿಸುತ್ತಿಲ್ಲ ಎಂದು ಅವಳು ಕಥೆ ಕಟ್ಟಿದಳು. ಒಂದು ಸಲ ಮರಾಠಿಯಲ್ಲಿ, ಒಂದು ಸಲ ಕನ್ನಡದಲ್ಲಿ. ಚನ್ನಬಸವ್ವ ಮೂಗು ಒರೆಸಿಕೊಂಡಳು. ಮುಂದೆ ಗೋದಾ ತನ್ನ ಬಳೆಗಳನ್ನು ಒಂದು ಕೈಯಿಂದ ಮುಚ್ಚಿ ಹಿಡಿದಿದ್ದಳು.

ಆಟ ಮುಗಿದ ಮೇಲೆ ಬಾಪೂರಾವ ಅಡ್ಡ ನಿಂತ. ಕರೆದರೆ ಮಾತಾಡದಷ್ಟು ಸೊಕ್ಕೇ, ಆ ಬಳೆಯ ಕಥೆ ಚಿತ್ರದಲ್ಲಿ ಎಲ್ಲಿದೆ ಎಂದು ಕೇಳಿದ.

“ನಮ್ಮ ಕಡೆ ಮೊದಲ ಕೂಗಿಗೆ ಓ ಅನ್ನೂದಿಲ್ರಿ. ನೀವು ಮೂರು ಸಲ ಕೂಗಿದ್ರಿ, ಮನಷ್ಯಾರು ಅಂತ ಖಾತ್ರಿ ಆತು. ಬಳಿ ಚಿತ್ರದಾಗ ಇಲ್ರಿ. ಕೂತವರಾಗ ಅದ.”

ಬಾಪೂರಾವ ಸುತ್ತ ನೋಡಿದ. ಇಷ್ಟು ಹೆದರಿದ, ಇಷ್ಟು ಅತ್ತ ಹೆಂಗಸರು ಮನೆಗೆ ಹೋಗದೆ, ಬರುವ ವಾರವೂ ಇವಳೇ ತಾನೆ ಎಂದು ಅವನನ್ನೇ ಕೇಳುತ್ತ ಮುತ್ತಿದ್ದರು. ಅವನು ಕೈಯೊಡ್ಡಿ ಕೋಲು ಇಸಿದುಕೊಳ್ಳಲಿಲ್ಲ.

ಸಾವಂತ್ರವ್ವ ಅದನ್ನು ಹಿಡಿದುಕೊಂಡೇ ಹೊರಬಿದ್ದಳು. ಯಾವ ಸೀಮೆಯ ದೆವ್ವ ಹೆಚ್ಚು ಎಂಬ ಜಗಳ ಹಿಂದೆ ಇನ್ನೂ ನಡೆದಿತ್ತು. ಹತ್ತಿರದ ಓಣಿ ಬಿಟ್ಟು, ಬೇಕೆಂದೇ ಖಣದ ಅಂಗಡಿಯ ಮುಂದಿನ ದೊಡ್ಡ ರಸ್ತೆ ಹಿಡಿದಳು. ಗಿರಾಕಿಗಳ ನಡುವಿನಿಂದ ಮುರುಗೆಪ್ಪ ತಲೆಯೆತ್ತಿ, ಏನಾಯಿತೆಂದು ಹುಬ್ಬಿನಲ್ಲೇ ಕೇಳಿದ.

“ಇನ್ನ ಮ್ಯಾಲ ಮಂಗಳವಾರದ ರೊಟ್ಟಿ ಮುಂಜಾನೆನ ಬಡಿದಿಡತೀನ್ರಿ,” ಎಂದಳು ಅವಳು, ಗಿರಾಕಿಗಳಿಗೂ ಕೇಳುವ ಹಾಗೆ. “ಮಧ್ಯಾಹ್ನ ನನಗ ಕೆಲಸ ಅದ.”